ಜೆರಾಕ್ಸಿನ ಅಂಚಿನಲ್ಲಿ

ಹಂಪನಕಟ್ಟೆಯ ಅಂಗಡಿಯಲ್ಲಿ ಪುಟಕ್ಕೆ ಎರಡು ರೂಪಾಯಿ.
ಪುಸ್ತಕದ ಬೆನ್ನು ಮಡಚಿದಲ್ಲೆಲ್ಲ ಕಪ್ಪು ನೆರಳು,
ಮೂವತ್ತೊಂದನೇ ಪುಟದಲ್ಲಿ ಒಂದು ಹೆಬ್ಬೆರಳು,
ಅಂಗಡಿಯ ಹುಡುಗನದ್ದೇ ಇರಬೇಕು,
ಅಕ್ಷರಗಳಿಗಿಂತ ಸ್ಪಷ್ಟ.
ಸೋಮವಾರಕ್ಕೆ ಒಂದು ಪುಟ ಪ್ರತಿಕ್ರಿಯೆ, ಎಂದಿದ್ದಾರೆ ಫ್ರೀಡಾ ಮ್ಯಾಡಂ.
'ಸಾರಾಂಶ ಬೇಡ. ಓದುವಾಗ ನಿಮಗೆ ಎಂತ ಆಯಿತು, ಅದು ಬೇಕು.'

ನನಗೆ ಮೊದಲು ನಿದ್ದೆ ಬಂತು, ಮ್ಯಾಡಂ.
ಬಜಾಲಿನ ಬಸ್ಸಿನಲ್ಲಿ, ಕಿಟಕಿಯ ಸರಳಿಗೆ ತಲೆ ಆನಿಸಿ,
'ಅಗತ್ಯವಿಲ್ಲದ ಗೆರೆ ಸುಳ್ಳು ಹೇಳುತ್ತದೆ' ಎಂಬಲ್ಲಿಗೆ.
ಎಚ್ಚರಾದಾಗ ಡ್ರೈವರನ ನೆತ್ತಿಯ ಮೇಲೆ
ಬಾಡಿದ ಮಲ್ಲಿಗೆ, ಮಿನುಗುವ ಪ್ಲಾಸ್ಟಿಕ್ ಗುಲಾಬಿ,
ಎದುರಿನ ಗಾಜಿನ ನೆತ್ತಿಗೆ ಹಳದಿ ಹಕ್ಕಿ,
ಹಕ್ಕಿಗೆ ನೀಲಿ ನೆರಳು, ನೆರಳಿಗೆ ಬಿಳಿ ಅಂಚು.
ಒಂದಕ್ಕೂ ಅಗತ್ಯ ಇರಲಿಲ್ಲ, ಒಪ್ಪಿದೆ.
ಆದರೆ ಬೋರ್ಡು ಓದಲು ಬಾರದ ನಮ್ಮ ಪಕ್ಕದ ಮನೆಯ ಕಮಲಕ್ಕ
ತಿರುವಿನಲ್ಲಿ ಹಕ್ಕಿ ಕಂಡ ಕೂಡಲೇ
ಚೀಲ ಎತ್ತಿಕೊಂಡು ಕೈ ಅಡ್ಡ ಹಿಡಿಯುತ್ತಾರೆ.
ಇಷ್ಟು ವರ್ಷದಲ್ಲಿ
ಹಕ್ಕಿ ಒಮ್ಮೆಯೂ ಅವರನ್ನು ಬೇರೆ ಊರಿಗೆ ಇಳಿಸಲಿಲ್ಲ.

ಎರಡನೆಯದು: ಒಳ್ಳೆಯ ವಿನ್ಯಾಸ ಕಣ್ಣಿಗೆ ಬೀಳುವುದಿಲ್ಲವಂತೆ.
ರಾತ್ರಿ ಚಾಪೆಯಲ್ಲಿ ಅಂಗಾತ ಮಲಗಿ ಪರೀಕ್ಷೆ ಮಾಡಿದೆ.
ಪ್ರತಿ ಹಂಚಿನ ಹೊಟ್ಟೆಯಲ್ಲೂ ಒಂದು ಮೊಲ,
ಮೊಲದ ಸುತ್ತ ಇಂಗ್ಲಿಷಿನಲ್ಲಿ
ಜೆಪ್ಪುವಿನ ಒಂದು ಕಾರ್ಖಾನೆಯ ಹೆಸರು.
ಅದರ ಚಿಮಿಣಿಯೂ ಈಗ ಇಲ್ಲ.
ಅಜ್ಜ ಅಲ್ಲಿ ಅಚ್ಚಿಗೆ ಆವೆಮಣ್ಣು ಒತ್ತುತ್ತಿದ್ದರು, ಇಪ್ಪತ್ತಾರು ವರ್ಷ.
ಮಳೆ ನೋಡುವ ಬದಿಯಲ್ಲಿ ಎಂತದೂ ಇಲ್ಲ, ಪಾಚಿ ಮಾತ್ರ.
ಬರಹ ಎಲ್ಲ ಒಳಗಡೆಗೆ,
ಜ್ವರ ಬಂದವರಿಗೆ, ಬಾಣಂತಿಗೆ,
ನಿದ್ದೆ ಬಾರದೆ ಬಡ್ಡಿ ಲೆಕ್ಕ ಹಾಕುವವರಿಗೆ.
ನಾನು ಇಂಗ್ಲಿಷ್ ಅಕ್ಷರ ಕಲಿತದ್ದೇ ಅಲ್ಲಿ, ತಲೆಕೆಳಗಾಗಿ.
ಅವಸರದಲ್ಲಿ ಬರೆದರೆ ನನ್ನ ಎಸ್ ಈಗಲೂ ತಿರುಗಿ ನಿಲ್ಲುತ್ತದೆ,
ನೀವು ಎರಡು ಸಲ ಸುತ್ತು ಹಾಕಿದ್ದೀರಿ.
ಇದನ್ನು ಕಣ್ಣಿಗೆ ಬಿದ್ದದ್ದು ಎನ್ನುವುದಾ, ಬೀಳದ್ದು ಎನ್ನುವುದಾ?

ಮೂರನೆಯದನ್ನು ಗಟ್ಟಿಯಾಗಿ ಓದಿದೆ, ಅಮ್ಮ ಹೇಳಿದ್ದಕ್ಕೆ.
'ಅಳತೆಯ ಚೌಕಟ್ಟು ಕೈಗೆ ಸ್ವಾತಂತ್ರ್ಯ ಕೊಡುತ್ತದೆ.'
ಅಮ್ಮನ ತೊಡೆಯ ಮೇಲೆ ತಡ್ಪೆ,
ತಡ್ಪೆಯಲ್ಲಿ ನೆನೆದ ಎಲೆ, ಕತ್ತರಿ, ತಂಬಾಕು,
ಅಂಚು ತೇದು ಕನ್ನಡಿಯಾದ ತಗಡಿನ ಅಳತೆ.
'ಸ್ವಾತಂತ್ರ್ಯವಾ?' ಎಂದಳು.
ಎಲೆ ಸುರುಳಿಯಾಯಿತು, ತುದಿ ಮಡಚಿತು,
ಕೆಂಪು ನೂಲು ಎರಡು ಸುತ್ತು.
'ಒಂದು ಕೂದಲು ಹೆಚ್ಚಾದರೆ ಬ್ರಾಂಚಿನವ ಮುರಿದು ಬಿಸಾಡುತ್ತಾನೆ.'
ಹತ್ತು ಬೀಡಿಯಷ್ಟು ಹೊತ್ತು ಸುಮ್ಮನಿದ್ದಳು.
'ಆದರೆ ಟಿವಿ ನೋಡಿಕೊಂಡೇ ಕಟ್ಟುತ್ತೇನಲ್ಲ, ಅದು ಹೌದು.'
ಮತ್ತೆ, ಧಾರಾವಾಹಿಯ ಜಾಹೀರಾತಿಗೆ,
'ಇದನ್ನು ಬರೆದವನಿಗೆ ಸಾವಿರಕ್ಕೆ ಎಷ್ಟಂತೆ?'
ಹುಡುಕಿದೆ, ಮ್ಯಾಡಂ.
ಅಡಿಟಿಪ್ಪಣಿಯಲ್ಲೂ ಇಲ್ಲ.

ನಾಲ್ಕನೆಯದು ಅರ್ಥ ಆಗಲಿಲ್ಲ.
ಮೂರು ಸಲ ಓದಿದೆ, ಒಮ್ಮೆ ನಿಂತುಕೊಂಡು.
ಬಿಳಿ ಜಾಗದ ಬಗ್ಗೆ ಅಂತ ಕಾಣುತ್ತದೆ.
ಒಂದು ಕಡೆ ನಮಗಿಂತ ಹಿಂದಿನ ಬ್ಯಾಚಿನ ಯಾರೋ
ಪೆನ್ಸಿಲಿನಲ್ಲಿ 'ಹೌದಾ?' ಎಂದು ಬರೆದಿದ್ದಾರೆ,
ಜೆರಾಕ್ಸಿನಲ್ಲಿ ಅದೂ ಬಂದಿದೆ.
ಆ ಪ್ರಶ್ನೆಚಿಹ್ನೆಯ ಬಾಲ ಬಹಳ ಚೆಂದ ಉಂಟು,
ಕೆಳಗೆ ಬಂದು, ಒಮ್ಮೆ ಯೋಚಿಸಿ, ಮತ್ತೆ ಇಳಿದ ಹಾಗೆ.
ಭಾನುವಾರ ಇಡೀ ಅದನ್ನೇ ಬರೆಯಲು ನೋಡಿದೆ.
ಕೈ ಯೋಚಿಸುವುದಿಲ್ಲ, ನೇರ ಇಳಿಯುತ್ತದೆ.
ಸ್ಕೆಚ್ ಪುಸ್ತಕದ ಹನ್ನೊಂದು ಹಾಳೆ ಅದಕ್ಕೇ ಹೋಯಿತು.

ಎಲ್ಲ ಪ್ರತಿ ಲಗತ್ತಿಸಬೇಕು ಎಂದಿದ್ದಿರಿ.
ಮೂವತ್ತೊಂದನೇ ಪುಟ ಇಲ್ಲ, ಕ್ಷಮಿಸಿ.
ಬೆಳಿಗ್ಗೆ ಅಮ್ಮನಿಗೆ ಪೇಪರ್ ಸಿಗಲಿಲ್ಲ,
ಅದರಲ್ಲೇ ಬೀಡಿ ಸುತ್ತಿ ಕೊಂಡುಹೋದಳು.
ಆ ಹೆಬ್ಬೆರಳು ಈಗ ಬ್ರಾಂಚಿನಲ್ಲಿ ಉಂಟು.